ಹಾಲಗುಡ್ಡದ ಇಳಿಜಾರಿನಲ್ಲಿ ಗುತ್ಯಪ್ಪ ಗಾಡಿ ನಿಲ್ಲಿಸಿದ್ದು

ಪುರಾಣ ಪ್ರವಚನ ಹೇಳಿಕೊಂಡು ಶಿಕಾರಿಪುರ, ಸೊರಬ ಸೀಮೆಯ ಊರುಗಳನ್ನು ಸುತ್ತುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಪಾಲಿಗೆ ಬಂದ ಸೇವೆ. ಶಿವನ ಮಹಿಮೆಯನ್ನು ಸಾವಿರಾರು ಜನರ ಮುಂದೆ ಬಣ್ಣಿಸಿದ್ದೇನೆ. ಬಣ್ಣಿಸುವಾಗ ನನ್ನ ಕಣ್ಣೂ ಒದ್ದೆಯಾದದ್ದುಂಟು. ಆದರೂ ಮೈಮೇಲಿನ ರೋಮವೆಲ್ಲ ಎದ್ದು, ನಾಲಗೆ ಒಣಗಿ, ಹೇಳಲು ಒಂದು ಮಾತೂ ಹೊಳೆಯದೆ ನಾನು ಕೈಮುಗಿದು ನಿಂತದ್ದು ಒಂದೇ ಸಲ. ಅದು ಹೋದ ವರ್ಷ, ಸಾವಿರದ ಒಂಬೈನೂರ ಐವತ್ತೆಂಟರ ಫಾಲ್ಗುಣದಲ್ಲಿ, ಆನವಟ್ಟಿಯಿಂದ ಕುಪ್ಪಗಡ್ಡೆಗೆ ಹೋಗುವ ಹಳೆಯ ಬಂಡಿದಾರಿಯಲ್ಲಿ. ಹಾಗೆ ಕೈಮುಗಿಸಿಕೊಂಡವನು ಗುತ್ಯಪ್ಪನೆಂಬ ಒಬ್ಬ ಮೋಟಾರು ಡ್ರೈವರು.

ಗುತ್ಯಪ್ಪ ಸೊರಬದ ಪಡುವಣ ದಿಕ್ಕಿನ ಒಂದು ಸಣ್ಣ ಹಳ್ಳಿಯ ಗೇಣಿ ಒಕ್ಕಲಿನ ಮಗ. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನಾದ್ದರಿಂದ ಆ ಹೆಸರು. ಯುದ್ಧದ ಕಾಲದಲ್ಲಿ, ಹತ್ತೊಂಬತ್ತರ ಹರೆಯದಲ್ಲಿ ದಂಡಿಗೆ ಸೇರಿದ. ಅಸ್ಸಾಮಿನಿಂದ ಬರ್ಮಾಕ್ಕೆ ಹೋಗುವ ಗುಡ್ಡದ ದಾರಿಗಳಲ್ಲಿ ಗಾಡಿಯ ಹಿಂದೆ ಟ್ರೈಲರು ಕಟ್ಟಿಕೊಂಡು ಅಕ್ಕಿ, ಮದ್ದುಗುಂಡು, ಕೆಲವು ಸಲ ಗಾಯಾಳುಗಳನ್ನೂ ಎಳೆದ. ಮರಳಿ ಬಂದು ಲೋಕಮ್ಮನನ್ನು ಮದುವೆಯಾಗಿ, ಶಿಕಾರಿಪುರದಲ್ಲಿ ಅಕ್ಕಿ ಗಿರಣಿ ನಡೆಸುವ ಗುರುಮಲ್ಲಪ್ಪನವರ ಬಳಿ ಕೆಲಸಕ್ಕೆ ನಿಂತ. ಗುರುಮಲ್ಲಪ್ಪನವರು ಆಗಷ್ಟೇ ಮಿಲಿಟರಿ ಹರಾಜಿನಲ್ಲಿ ಒಂದು ಪಿಕಪ್ ಗಾಡಿಯನ್ನೂ ಅದರ ಟ್ರೈಲರನ್ನೂ ಹಿಡಿದಿದ್ದರು. "ನಾನೂ ಇದೂ ಒಂದೇ ದಂಡಿಂದ ಡಿಸ್ಚಾರ್ಜ್ ಆದೋರು ಶರಣ್ರೆ. ಪಿಂಚಣಿ ಇಬ್ರಿಗೂ ಇಲ್ಲ," ಎಂದು ಅವನು ಗಾಡಿಯ ಮಡ್ಗಾರ್ಡನ್ನು ತಟ್ಟುತ್ತಿದ್ದ.

ಪ್ರವಚನಕ್ಕೆ ಹೋಗುವ ಊರು ಅವನ ದಾರಿಯಲ್ಲಿದ್ದರೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಹಾಗೆ ಕೂತಾಗಲೆಲ್ಲ ಅವನ ಎಡಗೈಯನ್ನು ನೋಡುವುದು ನನಗೊಂದು ಅಭ್ಯಾಸವಾಯಿತು. ಆ ಗಾಡಿಯಲ್ಲಿ ಗೇರಿನ ದೊಡ್ಡ ಕಡ್ಡಿಯ ಮಗ್ಗುಲಿಗೆ ಎರಡು ಮರಿಕಡ್ಡಿಗಳಿದ್ದವು. ಒಂದನ್ನು ಎಳೆದರೆ ಹಿಂದಿನ ಚಕ್ರಗಳ ಜತೆಗೆ ಮುಂದಿನ ಚಕ್ರಗಳೂ ದುಡಿಯುತ್ತಿದ್ದವು. ಇನ್ನೊಂದಕ್ಕೆ ಅವನು 'ಲೋ' ಎನ್ನುತ್ತಿದ್ದ. ಅದನ್ನು ಹಾಕಿದರೆ ಗಾಡಿಯ ಓಟವೆಲ್ಲ ಸತ್ತು, ಓಟದಲ್ಲಿದ್ದ ಬಲವೆಲ್ಲ ಎಳೆತಕ್ಕೆ ಬರುತ್ತಿತ್ತು. ಮನುಷ್ಯ ನಡೆಯುವ ವೇಗದಲ್ಲಿ ಗಾಡಿ ಗುಡ್ಡವನ್ನೇ ಎಳೆಯುವಂತೆ ಗುರುಗುಟ್ಟುತ್ತ ಹೋಗುತ್ತಿತ್ತು.

ಏರಿನಲ್ಲಿ ಇದರ ಉಪಯೋಗ ನನಗೆ ಬೇಗ ತಿಳಿಯಿತು. ಇಳಿಜಾರಿನಲ್ಲಿಯೂ ಅವನು ಅದನ್ನೇ ಹಾಕುವುದನ್ನು ಕಂಡಾಗ ಮಾತ್ರ ಅಚ್ಚರಿಯಾಯಿತು. ಆಗಿನ ಡ್ರೈವರುಗಳು ಇಳಿಜಾರು ಬಂತೆಂದರೆ ಗೇರು ತಪ್ಪಿಸಿ, ಪೆಟ್ರೋಲು ಉಳಿಯಿತೆಂದು ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಡುತ್ತಿದ್ದರು. ಗುರುಮಲ್ಲಪ್ಪನವರೂ ಅದನ್ನೇ ಬಯಸಿ, ಇಳಿಯುವ ನೀರಿಗೂ ಎಣ್ಣೆ ಹಾಕುವವನು ಇವನೊಬ್ಬನೇ ಎಂದು ಹಂಗಿಸುತ್ತಿದ್ದರು. ಗುತ್ಯಪ್ಪ ನಗುತ್ತಿದ್ದನೇ ಹೊರತು ಗೇರು ತಪ್ಪಿಸುತ್ತಿರಲಿಲ್ಲ. ಕಾರಣ ಕೇಳಿದ್ದಕ್ಕೆ ಒಮ್ಮೆ ನನಗೆ ಹೇಳಿದ:

"ಬ್ರೇಕು ಕಾದ್ರೆ ಕೈಬಿಡ್ತದೆ ಶರಣ್ರೆ. ಹಿಂದೆ ಹೊರೆ ಇದ್ದಾಗ ಅದು ನಮ್ಮನ್ನ ನೂಕ್ತದೆ. ಗೇರಲ್ಲಿದ್ರೆ ಎಂಜಿನ್ನೇ ಹೊರೇನ ಹಿಡ್ಕಂಡು ಕೂರ್ತದೆ. ಆದ್ರೆ ಈ ಲೋ ಕಡ್ಡಿ ಐತಲ್ಲ, ಇದನ್ನ ಓಡೋವಾಗ ಮುಟ್ಟಂಗಿಲ್ಲ. ಗಾಡಿ ಪೂರಾ ನಿಲ್ಸಿ, ಹಾಕಿ, ಆಮೇಲೆ ಹೊರಡ್ಬೇಕು. ಇಳಿಜಾರು ಸುರುವಾದ್ಮೇಲೆ ನೆನಪಾದ್ರೆ ದೇವ್ರೇ ಗತಿ."

ನಿಲ್ಲಿಸದೆ ಆ ಕಡ್ಡಿಯನ್ನು ಹಾಕಲಾಗದು ಎಂಬ ಈ ಒಂದು ಮಾತನ್ನು ನಾನು ನೆನಪಿಟ್ಟುಕೊಂಡಿದ್ದರೆ ಮುಂದಿನ ಎಡವಟ್ಟು ಆಗುತ್ತಿರಲಿಲ್ಲ.

ಕುಪ್ಪಗಡ್ಡೆಯ ಈಶ್ವರನ ಗುಡಿಯ ಬಸವಣ್ಣ ಭಗ್ನವಾಗಿ ಹನ್ನೊಂದು ವರ್ಷಗಳಾಗಿದ್ದವು. ಮಾಡಿನ ತೊಲೆ ಮುರಿದುಬಿದ್ದು ಕೊಂಬು, ಕಿವಿ, ಹಿಣಿಲು ಒಡೆದುಹೋಗಿದ್ದವು. ಶಿವನ ಎದುರು ಬಸವಣ್ಣನ ಜಾಗ ಬರಿದಾಗಿರುವುದನ್ನು ನೋಡಲಾರದೆ ಊರಿನ ಯಜಮಾನರಾದ ಸದಾಶಿವಪ್ಪನವರು ಶಿಕಾರಿಪುರದ ಶಿಲ್ಪಿಯೊಬ್ಬರಲ್ಲಿ ಹೊಸ ಬಸವಣ್ಣನನ್ನು ಕಡೆಸಿದರು. ಒಂದೇ ಕಲ್ಲು; ತೂಕ ಹದಿನೈದು ಪಲ್ಲ ಭತ್ತದಷ್ಟು, ಹೆಚ್ಚುಕಡಿಮೆ ಒಂದು ಟನ್ನು.

ಅದನ್ನು ಊರಿಗೆ ತರುವುದರಲ್ಲೇ ತೊಡಕಿತ್ತು. ಆ ಸೀಮೆಯಲ್ಲಿ ಒಂದು ಪದ್ಧತಿಯುಂಟು. ದೇವರ ಕಲ್ಲಿಗೆ ಮೊದಲ ಪೂಜೆಯಾಗಿ ಮಂಗಳಾರತಿ ಎತ್ತಿ ಹೊರಟ ಮೇಲೆ ಅದು ದಾರಿಯಲ್ಲಿ ಯಾವ ಊರಿನ ಎಲ್ಲೆಯಲ್ಲಿ ನಿಲ್ಲುತ್ತದೆಯೋ ಆ ಊರನ್ನು ಅದು ಒಪ್ಪಿತೆಂದೇ ಲೆಕ್ಕ. ಅಲ್ಲಿಂದ ಮುಂದಕ್ಕೆ ಒಯ್ಯುವಂತಿಲ್ಲ. ಕುಪ್ಪಗಡ್ಡೆಯವರು ಹೊಸ ಕಲ್ಲನ್ನು ಆನವಟ್ಟಿಯಲ್ಲಿ ಎದುರುಗೊಂಡು, ಅಲ್ಲಿ ಸ್ನಾನ, ವಿಭೂತಿ, ಆರತಿ ಮಾಡಿ ಕರೆತರುವುದು ವಾಡಿಕೆ. ಆನವಟ್ಟಿಯ ಪೇಟೆಯನ್ನು ಬಿಟ್ಟರೆ ನಡುವೆ ಬರುವುದು ಹಾಲಗುಡ್ಡವೆಂಬ ಊರು, ಅದೇ ಹೆಸರಿನ ಗುಡ್ಡದ ಮೇಲೆ. ಸದಾಶಿವಪ್ಪನವರ ತಾತನ ಕಾಲದಲ್ಲಿ ಎಂಟು ಜೋಡಿ ಎತ್ತುಗಳ ಬಂಡಿಯಲ್ಲಿ ಇಂಥದೇ ಒಂದು ಬಸವಣ್ಣ ಬಂದು, ಹಾಲಗುಡ್ಡದ ಇಳಿಜಾರಿನಲ್ಲಿ ಅಚ್ಚು ಮುರಿದು ನಿಂತುಬಿಟ್ಟಿತ್ತು. ಅದು ಇಂದಿಗೂ ಹಾಲಗುಡ್ಡದ ಗುಡಿಯಲ್ಲಿಯೇ ಇದೆ. ಕುಪ್ಪಗಡ್ಡೆಯವರು ತಮ್ಮ ಹಳೆಯ ಬಸವಣ್ಣನಲ್ಲೇ ತೃಪ್ತಿಪಟ್ಟರು, ಈಗ ಭಗ್ನವಾದದ್ದು ಅದೇ. ಕುಪ್ಪಗಡ್ಡೆಯವರು ಆ ಗುಡಿಯ ಮುಂದೆ ಹಾದುಹೋಗುವಾಗ ಕೈಮುಗಿಯುತ್ತಾರೆ, ಆಮೇಲೆ ನಿಟ್ಟುಸಿರು ಬಿಡುತ್ತಾರೆ. ಎರಡನೆಯ ಸಲವೂ ಹಾಗಾದರೆ ತಮ್ಮ ಶಿವನಿಗೆ ತಾವು ಬೇಡವೆಂದೇ ಅರ್ಥವೆಂದು ಆ ಊರಿನ ಹೆಂಗಸರು ನನ್ನೆದುರಿಗೇ ಅತ್ತದ್ದುಂಟು.

ಆದ್ದರಿಂದ ಈ ಸಲ ಬಂಡಿ ಬೇಡ, ಮೋಟಾರೇ ಆಗಲಿ ಎಂದು ಸದಾಶಿವಪ್ಪನವರು ನಿಶ್ಚಯಿಸಿದರು. ಗುರುಮಲ್ಲಪ್ಪನವರು ದೇವರ ಕೆಲಸವೆಂದು ಗಾಡಿಯನ್ನು ಹಾಗೆಯೇ ಬಿಟ್ಟುಕೊಟ್ಟರು. ನಾನು ಶಿವರಾತ್ರಿಯ ಪ್ರವಚನದಲ್ಲಿ ಉತ್ಸಾಹ ತಡೆಯಲಾರದೆ, ಎತ್ತು ದಣಿಯುತ್ತದೆ, ಯಂತ್ರ ದಣಿಯುವುದಿಲ್ಲ, ಈ ಸಲ ಬಸವಣ್ಣ ಎಲ್ಲಿಯೂ ನಿಲ್ಲದೆ ನಿಮ್ಮ ಗಡಿಯೊಳಗೆ ಕಾಲಿಡುತ್ತಾನೆ ಎಂದು ಸಭೆಯ ಮುಂದೆ ಅಭಯ ಕೊಟ್ಟುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಗುತ್ಯಪ್ಪನನ್ನು ಒಂದು ಮಾತು ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ.

ಅವನು ಮಾತ್ರ ಹೊರಡುವ ಹಿಂದಿನ ದಿನ ಒಬ್ಬನೇ ಆ ದಾರಿಯನ್ನು ನಡೆದು ನೋಡಿಕೊಂಡು ಬಂದಿದ್ದ. ಶಿಕಾರಿಪುರದಲ್ಲಿ ಕಲ್ಲನ್ನು ಟ್ರೈಲರಿಗೆ ಏರಿಸುವಾಗ, ಭಾರ ಹಿಂದಕ್ಕೆ ಬಿದ್ದರೆ ಟ್ರೈಲರು ಬಾಲ ಅಲ್ಲಾಡಿಸುತ್ತ ಗಾಡಿಯನ್ನೇ ದಾರಿಯಿಂದ ಎಳೆಯುತ್ತದೆಂದು ಹೇಳಿ, ಬಸವಣ್ಣನನ್ನು ಅಚ್ಚಿನಿಂದ ಗೇಣು ಮುಂದಕ್ಕೆ ಕೂರಿಸಿ, ನಾಲ್ಕೂ ಕಡೆಯಿಂದ ಹಗ್ಗ ಬಿಗಿಸಿದ. ಆನವಟ್ಟಿಯನ್ನು ಮುಟ್ಟಿದ ಮೇಲೆ, ಆರತಿಗೆ ಮೊದಲು, ಸದಾಶಿವಪ್ಪನವರನ್ನೂ ನನ್ನನ್ನೂ ಪಕ್ಕಕ್ಕೆ ಕರೆದ. ಹಾಲಗುಡ್ಡದ ಏರು ಹತ್ತಿದ ಮೇಲೆ ಇಳಿಜಾರು ಬಲು ಕಡಿದಾಗಿದೆ, ಕೆಳಗೆ ಹಳ್ಳದವರೆಗೆ ಅರ್ಧ ಮೈಲಿ, ಟ್ರೈಲರಿಗೆ ಬ್ರೇಕಿಲ್ಲ, ನೆತ್ತಿಯ ಮೇಲೆ ಒಂದು ಗಳಿಗೆ ನಿಲ್ಲಿಸಿ ಲೋ ಹಾಕಲೇಬೇಕು ಎಂದು ತಿಳಿಸಿದ.

"ನೆತ್ತಿ ಹಾಲಗುಡ್ಡದೋರದು ಕಣೋ," ಎಂದರು ಸದಾಶಿವಪ್ಪನವರು. "ಹಳ್ಳ ದಾಟಿದ್ರೆ ನಮ್ಮ ಗಡಿ. ಅಲ್ಲಿ ನಿಂತ್ರೆ ಕೊಟ್ಟು ಬಂದಂಗೇ."

"ನಿಲ್ಸದೆ ಇಳಿದ್ರೆ ಈ ಕಲ್ಲು ನಮ್ಮನ್ನ ಇಳಿಸ್ತದೆ ಗೌಡ್ರೆ. ಮುಂದೆ ಕಳಸ ಹೊತ್ತು ಹೆಣ್ಮಕ್ಕಳು ನಡೀತಿರ್ತಾರೆ."

ಸಭೆಯಲ್ಲಿ ಕೊಟ್ಟ ಅಭಯ ನನಗೆ ನೆನಪಾಯಿತು. ಗುತ್ಯಪ್ಪ ನಮ್ಮಿಬ್ಬರ ಮುಖವನ್ನೂ ನೋಡಿ, ಟ್ರೈಲರಿನ ಸುತ್ತ ಒಂದು ಬಾರಿ ನಡೆದು ಬಂದು, ಬೀಡಿ ಹೊತ್ತಿಸಲು ತೆಗೆದವನು ಬಸವಣ್ಣನ ಕಡೆ ನೋಡಿ ಮತ್ತೆ ಜೇಬಿಗೆ ಹಾಕಿಕೊಂಡ. ಆಮೇಲೆ ಹೇಳಿದ ಉಪಾಯ ಇಷ್ಟೆ. ಆನವಟ್ಟಿಯಲ್ಲಿಯೇ, ಆರತಿಗೆ ಮೊದಲೇ ಲೋ ಹಾಕಿಬಿಡುವುದು. ಮಟ್ಟಸದ ದಾರಿಯಲ್ಲಿಯೂ ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಅದೇ ಗೇರಿನಲ್ಲಿ, ಮುಟ್ಟದೆ, ತಪ್ಪಿಸದೆ, ಐದು ಮೈಲಿ ತೆವಳುವುದು. ಗಾಳಿ ಸಿಗದೆ ಎಂಜಿನ್ನು ಕುದಿಯುತ್ತದೆ. ನಿಲ್ಲಿಸಿ ನೀರು ಹಾಕುವಂತಿಲ್ಲವಾದ್ದರಿಂದ ನಡೆಯುತ್ತಲೇ ಹಾಕಬೇಕು. ಇಳಿಜಾರಿನಲ್ಲಿ ಮಾತ್ರ ಗಾಡಿಯ ಮುಂದೆ ಒಂದು ನರಪಿಳ್ಳೆಯೂ ಇರಕೂಡದು. ಕಳಸ, ವಾದ್ಯ ಎಲ್ಲವೂ ಹಿಂದೆ.

ಕಳಸ ದೇವರ ಹಿಂದೆ ಹೋಗುವುದು ಎಲ್ಲಿಯೂ ಇಲ್ಲದ ಮಾತೆಂದು ಸದಾಶಿವಪ್ಪನವರು ತಡೆದರು. ಈ ಸಲ ಹಾಗೆ ಹೋಗಬಹುದೆಂದು ನಾನು ಒಪ್ಪಿಗೆ ಕೊಟ್ಟೆ. ಮಾಡಿದ ತಪ್ಪಿಗೆ ಅಷ್ಟಾದರೂ ಮಾಡಬೇಕಿತ್ತು. ಕೊನೆಗೆ ಅವರು ಗುತ್ಯಪ್ಪನ ಕೈಯನ್ನು ಹಿಡಿದು ಬಸವಣ್ಣನ ಹಣೆಯ ಮೇಲಿಟ್ಟರು. "ನಮ್ಮ ಗಡಿವರೆಗೆ ನಿಲ್ಸಲ್ಲ ಅಂತ ಮಾತು ಕೊಡು." ಅವನು ಕೊಟ್ಟ.

ಮಂಗಳಾರತಿ ಮುಗಿದು ಗಾಡಿ ಹೊರಟಾಗ ಬಿಸಿಲು ಏರಿತ್ತು. ಎಂಜಿನ್ನಿನ ಮೇಲಿನ ಮುಚ್ಚಳವನ್ನು ಬಿಚ್ಚಿಟ್ಟು, ಮಡ್ಗಾರ್ಡಿನ ಮೇಲೆ ಒಬ್ಬ ಗಟ್ಟಿಗನನ್ನು ಕೂರಿಸಲಾಗಿತ್ತು. ಗಾಡಿ ಮಹಾಸದ್ದು ಮಾಡುತ್ತಿತ್ತು, ಚಲಿಸುತ್ತಿದ್ದುದು ಮಾತ್ರ ತುಂಬು ಬಸುರಿಯ ಹೆಜ್ಜೆಯಲ್ಲಿ. ಸಂತೆಗೆ ಸೈಕಲ್ಲಿನಲ್ಲಿ ಹೊರಟಿದ್ದವನೊಬ್ಬ, "ಗುತ್ಯಣ್ಣ, ನಾ ಮೆಣಸಿನಕಾಯಿ ಮಾರಿ ವಾಪಸ್ ಬರೋವಾಗ ಇಲ್ಲೇ ಸಿಗ್ತೀಯೇನು?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಗುತ್ಯಪ್ಪ ನಗಲಿಲ್ಲ. ಅವನ ಬಲಗಾಲು ಪೆಟ್ರೋಲಿನ ಪೆಡಲಿನ ಮೇಲೆ ಹೂವನ್ನು ಮೆಟ್ಟಿದಂತೆ ಕೂತಿತ್ತು. ಎಡಗೈ ಗೇರಿನ ಕಡ್ಡಿಯ ಮೇಲಿತ್ತು, ಅದು ಹಾರಿ ಬರದಂತೆ ಕಾಯುವುದಕ್ಕೆ. ನಾನು ಪಕ್ಕದಲ್ಲಿ ಕೂತು ಮನಸ್ಸಿನಲ್ಲಿ ಪಂಚಾಕ್ಷರಿ ಜಪಿಸುತ್ತಿದ್ದೆ.

ಎರಡು ಮೈಲಿ ಕಳೆಯುವಷ್ಟರಲ್ಲಿ ನೀರು ಕುದಿಯತೊಡಗಿತು. ಆಗ ನಾನು ಕಂಡ ದೃಶ್ಯವನ್ನು ಏನೆಂದು ಹೇಳಲಿ. ಕುಪ್ಪಗಡ್ಡೆಯ ಹೆಂಗಸರು ದಾರಿಯ ಕೆರೆಕಟ್ಟೆಗಳಲ್ಲಿ ಕೊಡ ತುಂಬಿ ಓಡಿಬಂದು, ನಡೆಯುತ್ತಲೇ ಮಡ್ಗಾರ್ಡಿನವನ ಕೈಗೆ ಕೊಡುತ್ತಿದ್ದರು. ಅವನು ಗೋಣಿತಟ್ಟನ್ನು ಕೈಗೆ ಸುತ್ತಿಕೊಂಡು ಸಣ್ಣ ಧಾರೆಯಾಗಿ ಹೊಯ್ಯುತ್ತಿದ್ದ. ಬರಿದಾದ ಕೊಡ ಹಿಂದಕ್ಕೆ, ತುಂಬಿದ ಕೊಡ ಮುಂದಕ್ಕೆ. ಅಭಿಷೇಕ ಯಂತ್ರಕ್ಕೋ ಬಸವಣ್ಣನಿಗೋ ಎಂಬ ಭೇದವೇ ಅಳಿದುಹೋಗಿತ್ತು. ಹದಿನೈದು ಪಲ್ಲದ ಆ ಕಲ್ಲು ಒಬ್ಬ ಒಕ್ಕಲ ಮಗನ ಕಾಲ್ಬೆರಳ ತುದಿಯ ಆಜ್ಞೆಗೆ ಒಳಪಟ್ಟು, ಒಂದು ಅಂಗುಲವೂ ಆತುರಪಡದೆ ಬರುತ್ತಿತ್ತು. ಶಿವಶಿವಾ, ಇಷ್ಟು ಬಲವನ್ನು ಇಷ್ಟು ಮೆಲ್ಲಗೆ ನಡೆಸುವ ವಿದ್ಯೆಯನ್ನು ನೀನು ಯಾರಿಗೆ ಯಾವಾಗ ಕಲಿಸುತ್ತೀಯೋ!

ಹಾಲಗುಡ್ಡದ ಏರನ್ನು ಗಾಡಿ ಅದೇ ಹೆಜ್ಜೆಯಲ್ಲಿ ಏರಿತು. ನೆತ್ತಿಯ ಮೇಲೆ ಆ ಊರಿನವರು ನೆರೆದಿದ್ದರು. ಕೈಯಲ್ಲಿ ತೆಂಗಿನಕಾಯಿ, ಹೂವಿನ ಹಾರ. ಅವರ ಯಜಮಾನ ಧರ್ಮಪ್ಪ ಪೇಟ ಸುತ್ತಿಕೊಂಡು, ಮದುವೆಗೆ ಕರೆಯಲು ಬಂದವರಂತೆ ಕೈಮುಗಿದು ಗಾಡಿಯ ಪಕ್ಕದಲ್ಲಿ ನಡೆಯತೊಡಗಿದರು.

"ಬಿಸಿಲು ಜೋರಾಗೈತೆ ಶರಣ್ರೆ. ನೆರಳಲ್ಲಿ ಒಂದು ಗಳಿಗೆ ಕೂತು ಮಜ್ಜಿಗೆ ಕುಡ್ದು ಹೋಗ್ರಲ್ಲ."

"ಮಜ್ಜಿಗೆ ಬೇಡ ಧರ್ಮಣ್ಣ," ಎಂದು ಸದಾಶಿವಪ್ಪನವರು ಆ ಬದಿಯಿಂದ ಕೂಗಿದರು. "ನಿಮ್ಮಜ್ಜ ಕುಡ್ಸಿದ್ದೇ ಇನ್ನೂ ಅರಗಿಲ್ಲ."

ಎರಡೂ ಊರಿನವರು ನಕ್ಕರು, ಆ ನಗುವಿನಲ್ಲಿ ಎರಡು ಬಗೆಯಿತ್ತು. ಗುತ್ಯಪ್ಪ ದಾರಿಯಿಂದ ಕಣ್ಣು ಕೀಳದೆ, ಇಳಿಜಾರು ಬಂತು, ಕಳಸದವರು ಹಿಂದಕ್ಕೆ ಹೋಗಲಿ ಎಂದು ನನಗೆ ಹೇಳಿದ. ನಾನು ಕೈಬೀಸಿದೆ. ಕಳಸ ಹೊತ್ತವರು, ಡೊಳ್ಳಿನವರು ಎರಡು ಪಾಲಾಗಿ ಟ್ರೈಲರಿನ ಹಿಂದೆ ಕೂಡಿಕೊಂಡರು. ಮುಂದೆ ಕೆಂಪು ದಾರಿ ಬರಿದಾಯಿತು.

ಮುಂದಿನ ಚಕ್ರಗಳು ತಗ್ಗಿದಾಗ ಹಿಂದಿನಿಂದ ಟ್ರೈಲರು ನಮ್ಮನ್ನು ಒಂದು ಸಲ ನೂಕಿತು. ಕೊಕ್ಕೆ ಕಿರುಗುಟ್ಟಿತು. ಮರುಗಳಿಗೆಯಲ್ಲಿ ಎಂಜಿನ್ನು ದನಿ ಬದಲಿಸಿ, ಭಾರ ಹೊತ್ತವನು ಹಲ್ಲು ಕಚ್ಚಿ ಕೂತಂತೆ ಕೂತು, ಆ ನೂಕನ್ನೆಲ್ಲ ತನ್ನೊಳಗೆ ಹಿಡಿದುಕೊಂಡಿತು. ಗುತ್ಯಪ್ಪ ಪೆಟ್ರೋಲಿನ ಪೆಡಲಿನಿಂದ ಪೂರ್ತಿ ಕಾಲೆತ್ತಿದ್ದ. ಬ್ರೇಕನ್ನೂ ತುಳಿದಿರಲಿಲ್ಲ. ಬೆಟ್ಟದಿಂದ ಬೀಳಬೇಕಾದ ಬಂಡೆಯೊಂದು ಮೆಟ್ಟಿಲು ಎಣಿಸುತ್ತ ಇಳಿಯುತ್ತಿದೆಯೇನೋ ಎನ್ನುವಂತೆ ನಾವು ಇಳಿಯುತ್ತಿದ್ದೆವು.

ಇಳಿಜಾರಿನ ಮುಕ್ಕಾಲು ಪಾಲು ಕಳೆದಿತ್ತು. ಕೆಳಗೆ ಹಳ್ಳದ ನೀರು ಹೊಳೆಯುವುದು ಕಾಣುತ್ತಿತ್ತು. ಅದರಾಚೆ ಕುಪ್ಪಗಡ್ಡೆಯ ಗಡಿಕಲ್ಲು. ದಾರಿಯ ಎಡಕ್ಕೆ ಹಾಲಗುಡ್ಡಕ್ಕೇ ಸೇರಿದ ಒಂದು ಹಟ್ಟಿಯ ಓಣಿ ಬಂದು ಕೂಡುತ್ತದೆ. ಆ ಹಟ್ಟಿಯ ಹುಲಿಗೆಮ್ಮ, ಎಪ್ಪತ್ತು ದಾಟಿದ ಮುದುಕಿ, ಎಂಜಿನ್ನಿನಿಂದ ಏಳುತ್ತಿದ್ದ ಹಬೆಯನ್ನು ದೂರದಿಂದಲೇ ಕಂಡು, ಬಸವಣ್ಣನ ಗಾಡಿಗೆ ಬಾಯಾರಿದೆಯೆಂದು ತಿಳಿದು, ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಆ ಓಣಿಯಿಂದ ಹೊರಬಂದಳು. ದಾರಿಯ ನೊರಜುಗಲ್ಲಿನ ಮೇಲೆ ಕಾಲಿಟ್ಟಳು. ಕಾಲು ಜಾರಿತು. ಕೊಡ ಉರುಳಿತು. ಆಕೆ ಗಾಡಿಯ ಮುಂದೆ ಅಡ್ಡಲಾಗಿ ಬಿದ್ದಳು.

ಗಾಡಿಗೂ ಆಕೆಗೂ ನಡುವೆ ಎರಡು ಮಾರು ಅಂತರ. ಗುತ್ಯಪ್ಪ ಆಲೋಚಿಸಿದ್ದನ್ನು ನಾನು ಕಾಣಲಿಲ್ಲ. ಆಲೋಚನೆಗೆ ಅವಕಾಶವೂ ಇರಲಿಲ್ಲ. ಅವನ ಬಲಗೈ ಸ್ವಿಚ್ಚನ್ನು ಆರಿಸಿತು, ಬಲಗಾಲು ಬ್ರೇಕನ್ನು ಒತ್ತಿತು, ಎಡಗೈ ಗೇರಿನ ಕಡ್ಡಿಯನ್ನು ಇದ್ದಲ್ಲಿಯೇ ಅದುಮಿ ಹಿಡಿಯಿತು. ಎಂಜಿನ್ನು ಸತ್ತಿತು. ಸತ್ತ ಎಂಜಿನ್ನನ್ನು ಗೇರಿನ ಹಲ್ಲುಗಳು ಬಿಗಿಹಿಡಿದವು, ಎಂಜಿನ್ನು ಚಕ್ರಗಳನ್ನು ಹಿಡಿಯಿತು, ಗಾಡಿ ಟ್ರೈಲರನ್ನು ಹಿಡಿಯಿತು. ಹದಿನೈದು ಪಲ್ಲದ ಬಸವಣ್ಣ ಒಮ್ಮೆ ಮುಂದಕ್ಕೆ ತೊನೆದು, ಹಗ್ಗಗಳು ಝೇಂಕರಿಸುವಂತೆ ಜಗ್ಗಿ, ನಿಂತ. ಮುಂದಿನ ಚಕ್ರದಿಂದ ಹುಲಿಗೆಮ್ಮನ ತಲೆಗೆ ಒಂದು ಮೊಳವಿತ್ತು.

ಎರಡು ತಾಸಿನಿಂದ ಕಿವಿ ತುಂಬಿದ್ದ ಸದ್ದು ನಿಂತಾಗ ಹಳ್ಳದ ನೀರಿನ ಸಪ್ಪಳ ಕೇಳಿಸಿತು. ನಾನು ಗಾಡಿಯಿಂದ ಇಳಿದೆ. ಗುತ್ಯಪ್ಪನ ಎದುರಿಗೆ ನಿಂತು ನನಗೆ ಅರಿವಿಲ್ಲದೆಯೇ ಕೈಮುಗಿದೆ. ಅವನಿಗೆ ಅದು ಕಾಣಿಸಲಿಲ್ಲ. ಬ್ರೇಕಿನ ಮೇಲಿನ ಕಾಲನ್ನು ತೆಗೆಯದೆ, "ಚಕ್ರಕ್ಕೆ ಕಲ್ಲು ಕೊಡ್ರಿ, ಅಜ್ಜೀನ ಎತ್ತ್ರಿ," ಎಂದಷ್ಟೇ ಹೇಳಿದ. ಕಲ್ಲು ತಂದು ಕೊಟ್ಟವರು ಧರ್ಮಪ್ಪ. ಹುಲಿಗೆಮ್ಮನನ್ನು ಎತ್ತಿ ದಾರಿಯ ಅಂಚಿನಲ್ಲಿ ಕೂರಿಸಿದರು. ಹಿಮ್ಮಡಿ ಉಳುಕಿ ಊದಿಕೊಳ್ಳುತ್ತಿತ್ತು, ಮೊಣಕೈ ತರಚಿತ್ತು, ಬೇರೆ ಪೆಟ್ಟಿರಲಿಲ್ಲ.

ಆಮೇಲೆ ಎಲ್ಲರಿಗೂ ಒಟ್ಟಿಗೇ ತಿಳಿಯಿತು, ಬಸವಣ್ಣ ನಿಂತಿದ್ದಾನೆ. ನಿಂತಿರುವುದು ಹಾಲಗುಡ್ಡದ ನೆಲದಲ್ಲಿ.

ಹಿಂದಿನಿಂದ ಕುಪ್ಪಗಡ್ಡೆಯ ಹೆಂಗಸೊಬ್ಬಳ ಅಳು ಕೇಳಿಸಿತು. ಹಾಲಗುಡ್ಡದವರಲ್ಲಿ ಒಬ್ಬ ಬಸವಣ್ಣನ ಕೊರಳಿಗೆ ಹಾರ ಹಾಕಿಯೇಬಿಟ್ಟ. ಇದು ಬೇಕೆಂದೇ ಮಾಡಿದ ಕೆಲಸ, ಮುದುಕಿಯನ್ನು ಅಡ್ಡ ಬೀಳಿಸಿದರು ಎಂದು ಈ ಕಡೆಯವರು ಕೂಗಿದರು. ಬೀಳುವುದಕ್ಕೆ ಯಾರಾದರೂ ಹೇಳಿಕೊಡುತ್ತಾರೆಯೇ ಎಂದು ಆ ಕಡೆಯವರು ಮೇಲೆ ಬಿದ್ದರು. ಸದಾಶಿವಪ್ಪನವರು ಗುತ್ಯಪ್ಪನ ಬಾಗಿಲ ಬಳಿ ಬಂದು ನಿಂತರು.

"ಬಸವಣ್ಣನ ತಲೆ ಮುಟ್ಟಿ ಮಾತು ಕೊಟ್ಟಿದ್ಯಲ್ಲೋ."

"ಕೊಟ್ಟಿದ್ದೆ ಗೌಡ್ರೆ," ಎಂದ ಗುತ್ಯಪ್ಪ. "ತಪ್ಪಿದೆ. ತಪ್ಪಿದ್ದು ನಾನು, ನಿಮ್ಮೂರು ಅಲ್ಲ. ಆದ್ರೆ ಇನ್ನೊಂದ್ಸಲ ಹಿಂಗೇ ಆದ್ರೂ ನಿಲ್ಸೋದೇ."

ಸದಾಶಿವಪ್ಪನವರು ದಾರಿಯ ಅಂಚಿನಲ್ಲಿ ಕಾಲು ಹಿಡಿದುಕೊಂಡು ಕೂತಿದ್ದ ಮುದುಕಿಯ ಕಡೆ ನೋಡಿದರು. ತಲೆಯ ರುಮಾಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಬರಿದಲೆಯಲ್ಲಿ ಬಿಸಿಲಿಗೆ ನಿಂತರು.

ಎರಡೂ ಊರಿನವರು ನನ್ನನ್ನು ಸುತ್ತುವರಿದು, ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳಿದರು. ಇಪ್ಪತ್ತೆರಡು ವರ್ಷ ಶಾಸ್ತ್ರ ಹೇಳಿದವನಿಗೆ ಆ ಹೊತ್ತು ಒಂದು ಅಕ್ಷರವೂ ಹೊಳೆಯಲಿಲ್ಲ. ಪದ್ಧತಿಯನ್ನು ನೋಡಿದರೆ ಕಲ್ಲು ಹಾಲಗುಡ್ಡದ್ದು. ಹಾಗೆಂದು ನುಡಿಯಲು ನಾಲಗೆ ಏಳದು, ಅಲ್ಲವೆಂದರೆ ಸುಳ್ಳಾಗುತ್ತದೆ. ನನಗೆ ತಿಳಿಯದೆಂದು ಎಲ್ಲರ ಮುಂದೆ ಒಪ್ಪಿಕೊಂಡೆ. ಧರ್ಮಪ್ಪ ಗಂಟಲು ಸರಿಮಾಡಿಕೊಂಡು, ಜಗಳ ಬೇಡ, ತಾತಂದಿರ ಕಾಲದಲ್ಲಿ ಹೇಗೆ ನಡೆಯಿತೋ ಹಾಗೆಯೇ ನಡೆಯಲಿ, ಬಸವಣ್ಣ ತನಗೆ ಬೇಕಾದಲ್ಲಿ ನಿಂತಿದ್ದಾನೆ ಎಂದು ಶಾಂತವಾಗಿಯೇ ಹೇಳಿದರು. ತಮ್ಮವರಿಗೆ ಹಗ್ಗ ಬಿಚ್ಚಲು ಸನ್ನೆಯನ್ನೂ ಮಾಡಿದರು.

ಆಗ ಹುಲಿಗೆಮ್ಮ ಮಾತಾಡಿದಳು. ಅವಳು ಕೂತಲ್ಲಿಂದ ಏಳಲಾರದೆ, ತಲೆ ಎತ್ತಿ ಕೇಳಿದಳು:

"ಧರ್ಮಪ್ಪ, ಬಸವಣ್ಣ ಯಾಕೆ ನಿಂತ?"

"ಅವನ ಚಿತ್ತ ಅಮ್ಮ."

"ಅವನ ಚಿತ್ತ ಹೌದು. ಆದ್ರೆ ಹಾಲಗುಡ್ಡ ಚಂದ ಐತೆ ಅಂತ ನಿಲ್ಲಿಲ್ಲ. ನಾನು ಬಿದ್ದಿದ್ದೆ, ನನಗೋಸ್ಕರ ನಿಂತ. ಮೇಲೆ ನೆತ್ತೀಲಿ ನೀವೆಲ್ಲ ಹಾರ ಹಿಡ್ಕಂಡು ನಿಂತಿದ್ರಲ್ಲ, ಅಲ್ಲಿ ನಿಂತ್ನೇನು? ಇಲ್ಲ. ನನಗೆ ನಿಂತೋನ್ನ ಇರು ಅನ್ನೋದೂ ಹೋಗು ಅನ್ನೋದೂ ನನ್ನ ಮಾತು. ನಾನು ಹೋಗು ಅಂತೀನಿ."

ಆಕೆ ಮೆಲ್ಲನೆ ಮುಂದುವರಿಸಿದಳು.

"ಒಂದು ಕೊಡ ನೀರು ತಂದೆ, ಚೆಲ್ಲಿಹೋಯ್ತು. ನಮ್ಮನೆ ಹೆಣ್ಣು ಇನ್ನೊಂದು ತರ್ತಾಳೆ. ಅದನ್ನ ಹಾಕ್ಕಂಡು ಹೋಗ್ರಿ. ನಮ್ಮ ಗುಡೀಲಿ ಒಬ್ಬ ಬಸವಣ್ಣ ಅವ್ನೆ. ನಾವಿರೋದು ಒಂದು ಊರು, ನಮ್ಮನ್ನ ಕಾಯೋಕೆ ಎಷ್ಟು ಬಸವಣ್ಣ ಬೇಕು?"

ಶಿವನೇ, ನಿನ್ನ ಶಾಸ್ತ್ರವನ್ನು ನೀನು ಬರೆದಿಟ್ಟ ಓಲೆಯನ್ನು ನಾನು ಎಲ್ಲೆಲ್ಲಿ ಹುಡುಕುತ್ತಿದ್ದೆ! ಧರ್ಮಪ್ಪ ಕೆಟ್ಟ ಮನುಷ್ಯರಲ್ಲ. ತಾತನಿಂದ ಬಂದ ಒಂದು ಹೆಮ್ಮೆ ಅವರ ಹೆಗಲ ಮೇಲಿತ್ತು, ಅಷ್ಟೆ. ಕೊನೆಗೆ ಬಗ್ಗಿ, ತಾವೇ ಇಟ್ಟಿದ್ದ ಕಲ್ಲನ್ನು ಚಕ್ರದ ಮುಂದಿನಿಂದ ತಾವೇ ತೆಗೆದರು. ಹಾರವನ್ನು ಮಾತ್ರ ಬಿಚ್ಚಲು ಬಿಡಲಿಲ್ಲ. ಅದು ಹಾಲಗುಡ್ಡದ ಹಾರವಾಗಿಯೇ ಕುಪ್ಪಗಡ್ಡೆಗೆ ಹೋಗಲಿ ಎಂದರು. ಸದಾಶಿವಪ್ಪನವರು ಅವರ ಎರಡೂ ಕೈಗಳನ್ನು ಹಿಡಿದುಕೊಂಡರು.

ಹುಲಿಗೆಮ್ಮನ ಸೊಸೆ ತಂದ ನೀರನ್ನು ಎಂಜಿನ್ನಿಗೆ ಹಾಕಿ ಮುಗಿದಿತ್ತು. ಎಲ್ಲರೂ ಗುತ್ಯಪ್ಪನ ಕಡೆ ನೋಡಿದರು. ಅವನು ಸ್ವಿಚ್ಚಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದ.

"ಅಜ್ಜಿ ಹತ್ತಲಿ," ಎಂದ. "ಬಸವಣ್ಣನ್ನ ಕಳಿಸ್ಕೊಟ್ಟೋರು ಹಿಂದೆ ಉಳಿದ್ರೆ ನಾ ಗಾಡಿ ಎತ್ತಲ್ಲ. ಕಾಲಿಗೆ ಎಣ್ಣೆ ತಿಕ್ಕೋರು ಕುಪ್ಪಗಡ್ಡೇಲಿ ಅವ್ರೆ."

ನನ್ನ ಜಾಗವನ್ನು ಸಂತೋಷದಿಂದ ಬಿಟ್ಟುಕೊಟ್ಟೆ. ಇಬ್ಬರು ಹೆಂಗಸರು ಆಕೆಯನ್ನು ಎತ್ತಿ ಕೂರಿಸಿದರು. ಮೋಟಾರನ್ನು ಆಕೆ ಹಿಂದೆಂದೂ ಹತ್ತಿದವಳಲ್ಲ. ಬರಿದಾದ ಕೊಡವನ್ನು ತೊಡೆಯ ಮೇಲೆ ಇರಿಸಿಕೊಂಡು, ಗಾಡಿ ಎಲ್ಲಿ ಮುಟ್ಟಿದರೆ ಓಡುತ್ತದೋ ಎಂಬ ಭಯದಲ್ಲಿ ಕೈಗಳನ್ನು ಕೊಡದ ಮೇಲೇ ಇಟ್ಟುಕೊಂಡಳು. ಗುತ್ಯಪ್ಪ ಎಂಜಿನ್ನನ್ನು ಹೊತ್ತಿಸಿ, ಕ್ಲಚ್ಚನ್ನು ಬಿಡುತ್ತ, ಬ್ರೇಕಿನಿಂದ ಕಾಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಎತ್ತಿದ. ಇಳಿಜಾರಿನಲ್ಲಿ ನಿಂತಿದ್ದ ಅಷ್ಟು ಭಾರವೂ ಒಂದು ಕುಲುಕಿಲ್ಲದೆ, ನಿದ್ದೆಯಿಂದ ಎದ್ದ ದನದಂತೆ ಹೆಜ್ಜೆಯಿಟ್ಟಿತು. ಹಳ್ಳವನ್ನು ದಾಟಿತು. ಗಡಿಕಲ್ಲನ್ನು ದಾಟಿತು. ಕುಪ್ಪಗಡ್ಡೆಯವರ ಜಯಕಾರಕ್ಕೆ ಹಾಲಗುಡ್ಡದ ಇಳಿಜಾರಿನಿಂದಲೂ ದನಿಗಳು ಕೂಡಿಕೊಂಡದ್ದನ್ನು ನಾನು ನನ್ನ ಕಿವಿಯಾರೆ ಕೇಳಿದೆ.

ಬಸವಣ್ಣನನ್ನು ಇಳಿಸಿ, ಹುಲಿಗೆಮ್ಮನ ಕಾಲಿಗೆ ಎಣ್ಣೆ ತಿಕ್ಕಿಸಿ, ಊಟ ಮುಗಿಯುವಾಗ ಬಿಸಿಲು ಇಳಿಮೊಗವಾಗಿತ್ತು. ಆಕೆಯನ್ನು ಮನೆಗೆ ಬಿಟ್ಟು ಶಿಕಾರಿಪುರಕ್ಕೆ ಹೋಗುವುದೆಂದು ಗುತ್ಯಪ್ಪ ಹೊರಟ. ನಾನೂ ಹಿಂದೆ ಹತ್ತಿಕೊಂಡೆ. ಟ್ರೈಲರು ಬರಿದಾಗಿತ್ತು, ಹಳ್ಳದವರೆಗೆ ದಾರಿ ಮಟ್ಟಸವಾಗಿತ್ತು, ಯಾವ ಪದ್ಧತಿಯ ಅಂಜಿಕೆಯೂ ಇರಲಿಲ್ಲ. ಆದರೂ ಹೊರಡುವ ಮುನ್ನ ಅವನ ಎಡಗೈ ಆ ಮರಿಕಡ್ಡಿಯನ್ನು ಹುಡುಕಿ ಲೋ ಹಾಕಿತು. ಗಾಡಿ ಮತ್ತೆ ಬೆಳಗಿನ ಹೆಜ್ಜೆಯಲ್ಲಿಯೇ ತೆವಳತೊಡಗಿತು. ಈಗ ಎಳೆಯುವುದಕ್ಕೆ ಏನಿದೆ ಗುತ್ಯಪ್ಪ, ಹೀಗಾದರೆ ಶಿಕಾರಿಪುರ ಮುಟ್ಟುವುದು ಯಾವಾಗ ಎಂದು ಕೇಳಿದೆ.

ಅವನು ತಿರುಗಿ ನೋಡದೆ, ಪಕ್ಕದಲ್ಲಿ ತೂಕಡಿಸುತ್ತಿದ್ದ ಹುಲಿಗೆಮ್ಮನಿಗೆ ಎಚ್ಚರವಾಗದಂತೆ ದನಿ ತಗ್ಗಿಸಿ ಹೇಳಿದ:

"ಅಜ್ಜಿ ಕಾಲು ಊದೈತೆ ಶರಣ್ರೆ. ಕುಲುಕಿದ್ರೆ ನೋಯ್ತದೆ."